ಸೂಜಿ ತಪ್ಪಿಸಿಲ್ಲ, ಆದರೂ ನಂಬರ್ ಏರಿದ್ದು ಯಾಕೆ? ಪ್ರಾಸ್ಟೇಟ್ ಕ್ಯಾನ್ಸರ್‌ನ ಒಳದಾರಿ ಮತ್ತು ನಮ್ಮ ಭಾಗದ ಮಾತ್ರೆ ರಾಜಕಾರಣ

ಹೆಸರು ಕೇಳಿ ಮೊದಲ ಸಲ ಬರುವವರು ಕಲಬುರಗಿಯ ಸೂಪರ್ ಮಾರ್ಕೆಟ್ ಅಂದ್ರೆ ಎಸಿ ಹಾಕಿದ, ತಳ್ಳುಗಾಡಿ ಇಟ್ಟ ಒಂದು ದೊಡ್ಡ ಅಂಗಡಿ ಅಂದುಕೊಳ್ಳುತ್ತಾರೆ. ಅದು ಅಂಗಡಿಯಲ್ಲ, ಪೇಟೆ. ಬಟ್ಟೆ, ಚಪ್ಪಲಿ, ಮೊಬೈಲ್ ಕವರ್, ಮದುವೆ ಸಾಮಾನು, ನಡುನಡುವೆ ಔಷಧಿ ಅಂಗಡಿ. ಸುತ್ತಲಿನ ಹಳ್ಳಿಯವರು ಊರಿಗೆ ಬಂದರೆ ದವಾಖಾನೆ ಕೆಲಸ ಮುಗಿಸಿ ಇಲ್ಲಿಗೊಮ್ಮೆ ಬಂದೇ ಹೋಗುತ್ತಾರೆ. ನನಗೆ ಊರಿನ ನಾತೆಯಲ್ಲಿ ಕಾಕಾ ಆಗಬೇಕಾದ ಒಬ್ಬರು ಕಮಲಾಪುರದ ಕಡೆಯವರು. ಕೆಲ ತಿಂಗಳ ಹಿಂದೆ ಇಲ್ಲಿನ ಒಂದು ಔಷಧಿ ಅಂಗಡಿಯ ಮುಂದೆ ಸಿಕ್ಕರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ವರ್ಷದ ರಿಪೋರ್ಟ್‌ಗಳು.

"ತಮ್ಮಾ, ನೀ ಇಂಜಿನಿಯರ್ ಇದ್ದಿ. ಇದರಾಗ ಏನ್ ಬರದಾರ ಒಂದೀಟು ನೋಡು."

ಇಂಜಿನಿಯರ್ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಊರಲ್ಲಿ ಆ ಪದವಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಇಂಗ್ಲಿಷಿನಲ್ಲಿರುವ ಯಾವ ಕಾಗದವಾದರೂ ನನ್ನ ಕೈಗೇ ಬರುತ್ತದೆ. ನೋಡಿದೆ. ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೆ ಹರಡಿದೆ. ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್. ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಶುರುವಿನಲ್ಲಿ 86, ಆರು ತಿಂಗಳಿಗೆ 0.4. ಆಮೇಲೆ 1.2, 2.9, 6.1.

"ಒಂದ್ ಸೂಜಿನೂ ತಪ್ಸಿಲ್ಲ. ಕಬ್ಬು ಕಡಿಯೋ ಟೈಮಿನಾಗೂ ಬಂದು ಹಾಕ್ಸಿಕೊಂಡು ಹೋಗೀನಿ. ಆದ್ರೂ ನಂಬರ್ ಯಾಕ ಏರ್ಲಾಕತ್ತದ?"

ಪಕ್ಕದಲ್ಲಿದ್ದ ಮಗ ಉತ್ತರ ತಾನೇ ಕೊಟ್ಟ: "ಸೂಜಿನೇ ಡುಪ್ಲಿಕೇಟ್ ಇರ್ಬೇಕ್ರಿ ಅಣ್ಣಾ."

ಅವನ ಅನುಮಾನವನ್ನು ನಾನು ನಗಾಡಲಿಲ್ಲ. ಈ ದೇಶದಲ್ಲಿ ಔಷಧಿಯ ಮೇಲೆ ಅನುಮಾನ ಪಡೋಕೆ ಬಡವನಿಗೆ ಸಾಕಷ್ಟು ಕಾರಣ ಇವೆ. ಆದರೆ ಚೀಲದ ತಳದಲ್ಲಿ ಇನ್ನೊಂದು ಕಾಗದ ಇತ್ತು, ಟೆಸ್ಟೋಸ್ಟಿರಾನ್ ಪರೀಕ್ಷೆಯದ್ದು. 18. ಈ ಚಿಕಿತ್ಸೆಯಲ್ಲಿ ಅದು 50ಕ್ಕಿಂತ ಕೆಳಗಿರಬೇಕು, ಇತ್ತು. ಅಂದರೆ ಸೂಜಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಹಾರ್ಮೋನ್ ನಿಂತಿದೆ. ಕ್ಯಾನ್ಸರ್ ನಿಂತಿಲ್ಲ.

ಹಾರ್ಮೋನ್ ಇಲ್ಲದೆಯೂ ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್ ಬೆಳೆಯುವುದು ಹೇಗೆ? ಇದು ಬರೀ ವೈದ್ಯಕೀಯ ಪ್ರಶ್ನೆ ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಪೇಟೆಂಟ್ ಕಚೇರಿ, ವಿಮಾ ಯೋಜನೆ, 371(ಜೆ) ಎಲ್ಲವೂ ಒಂದೊಂದಾಗಿ ಇದೇ ಪ್ರಶ್ನೆಯ ಒಳಗಿಂದ ಹೊರಬಂದವು. ಆದರೆ ಮೊದಲು ಜೀವಕೋಶದ ಒಳಗೆ ಏನಾಗುತ್ತದೆ ಅನ್ನೋದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಮಾಡುವ ಆರೋಗ್ಯ ರಾಜಕಾರಣ 'ಆಸ್ಪತ್ರೆ ಕಟ್ಟಿಸಿ' ಎಂಬ ಒಂದು ಬೇಡಿಕೆಗೇ ಬಂದು ನಿಲ್ಲುತ್ತದೆ.

1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯ, ವೃಷಣ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ತೋರಿಸಿದರು. 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಇವತ್ತಿನ ಇಂಜೆಕ್ಷನ್ ಮಾಡುವುದೂ ಅದನ್ನೇ, ಕತ್ತಿ ಇಲ್ಲದೆ. ಮಿದುಳಿನಿಂದ ಪಿಟ್ಯುಟರಿ ಗ್ರಂಥಿಗೆ ಹೋಗುವ ಸಂದೇಶ ಸಹಜವಾಗಿ ಬಿಟ್ಟು ಬಿಟ್ಟು, ಮಿಡಿತದ ಹಾಗೆ ಹೋಗುತ್ತದೆ. ಇಂಜೆಕ್ಷನ್ ಅದೇ ಸಂದೇಶವನ್ನು ಬಿಡುವಿಲ್ಲದೆ ಕಳಿಸುತ್ತದೆ. ಒಂದೇ ಸಮನೆ ಬಾಗಿಲು ಬಡಿದರೆ ಒಳಗಿನವರು ಕಿವಿ ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ. ಮೊದಲ ಒಂದೆರಡು ವಾರ ಹಾರ್ಮೋನ್ ಏರಿ, ಆಮೇಲೆ ಪೂರ್ತಿ ಬಿದ್ದುಹೋಗುತ್ತದೆ. ಆ ಏರುವ ದಿನಗಳಿಗಾಗಿಯೇ ಶುರುವಿನಲ್ಲಿ ಜೊತೆಗೊಂದು ಮಾತ್ರೆ ಕೊಡುವುದು.

ಪ್ರಾಸ್ಟೇಟ್ ಜೀವಕೋಶದೊಳಗೆ ಆಂಡ್ರೋಜನ್ ರಿಸೆಪ್ಟರ್ ಎಂಬ ಪ್ರೋಟೀನ್ ಇದೆ. ಹಾರ್ಮೋನ್ ಬಂದು ಅದಕ್ಕೆ ಅಂಟಿಕೊಂಡಾಗ ಅದು ಕೋಶಕೇಂದ್ರದೊಳಗೆ ಹೋಗಿ ಡಿಎನ್ಎ ಮೇಲೆ ಕೂತು 'ಬೆಳೆ, ಒಡೆದು ಎರಡಾಗು' ಎಂಬ ಜೀನ್‌ಗಳನ್ನು ಆನ್ ಮಾಡುತ್ತದೆ. ಪಿಎಸ್‌ಎ ತಯಾರಿಸುವ ಜೀನ್ ಕೂಡ ಅದೇ ಸ್ವಿಚ್‌ನ ಕೆಳಗಿದೆ. ಹಾಗಾಗಿಯೇ ಪಿಎಸ್‌ಎ ಏರಿದರೆ ಸ್ವಿಚ್ ಎಲ್ಲೋ ಮತ್ತೆ ಆನ್ ಆಗಿದೆ ಎಂದು ಅರ್ಥ.

ಬಹಳ ವರ್ಷ ವೈದ್ಯರು ಈ ಹಂತವನ್ನು 'ಹಾರ್ಮೋನ್‌ಗೆ ಬಗ್ಗದ ಕ್ಯಾನ್ಸರ್' ಅಂತಲೇ ಕರೆದರು. ಜೀವಕೋಶ ಹಾರ್ಮೋನಿನ ದಾರಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದಿದೆ ಎಂಬ ನಂಬಿಕೆ. 2004ರಲ್ಲಿ ಚಾರ್ಲ್ಸ್ ಸಾಯರ್ಸ್ ಅವರ ತಂಡ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಔಷಧಿಗೆ ಬಗ್ಗದ ಗಡ್ಡೆಗಳಲ್ಲಿ ಮತ್ತೆ ಮತ್ತೆ ಕಂಡ ಬದಲಾವಣೆ ಒಂದೇ, ಆಂಡ್ರೋಜನ್ ರಿಸೆಪ್ಟರಿನ ಪ್ರಮಾಣ ಹೆಚ್ಚಿರುವುದು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಸಿಗ್ನಲ್ ಕ್ಷೀಣಿಸಿದರೆ ಆಂಪ್ಲಿಫೈಯರ್‌ನ ಗೇನ್ ಏರಿಸು. ಹಾರ್ಮೋನ್ ನೂರರಿಂದ ಐದಕ್ಕಿಳಿದರೆ, ಆ ಐದನ್ನೇ ಹಿಡಿಯೋಕೆ ಇಪ್ಪತ್ತು ಪಟ್ಟು ರಿಸೆಪ್ಟರ್. ದಾರಿ ಬದಲಾಗಿಲ್ಲ, ಅದೇ ದಾರಿಯಲ್ಲಿ ಹಸಿವು ಹೆಚ್ಚಾಗಿದೆ.

ಆ ಐದು ಎಲ್ಲಿಂದ ಬರುತ್ತದೆ? ವೃಷಣ ನಿಂತರೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಆಂಡ್ರೋಜನ್ ಕಚ್ಚಾವಸ್ತುವನ್ನು ಮಾಡುತ್ತಲೇ ಇರುತ್ತದೆ. ಗಡ್ಡೆ ಅದನ್ನು ತೆಗೆದುಕೊಂಡು ತನ್ನ ಮನೆಯಲ್ಲೇ ಹಾರ್ಮೋನ್ ಬೇಯಿಸಿಕೊಳ್ಳುತ್ತದೆ. ರಕ್ತದಲ್ಲಿ 18, ಗಡ್ಡೆಯೊಳಗೆ ಬೇರೆಯೇ ಲೆಕ್ಕ.

ಇನ್ನೊಂದು ದಾರಿ ಇನ್ನೂ ವಿಚಿತ್ರ. ರಿಸೆಪ್ಟರ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಬೀಗ ತಪ್ಪು ಕೀಲಿಗೂ ತೆರೆದುಕೊಳ್ಳುತ್ತದೆ. ಕೆಲವು ರೂಪಾಂತರಗಳಲ್ಲಿ ಫ್ಲುಟಮೈಡ್, ಬೈಕಲುಟಮೈಡ್‌ನಂಥ ಹಳೆಯ ಔಷಧಿಗಳೇ ಕ್ಯಾನ್ಸರಿಗೆ ಆಹಾರವಾಗಿಬಿಡುತ್ತವೆ. ಮಾತ್ರೆ ನಿಲ್ಲಿಸಿದ ಮೇಲೆ ಪಿಎಸ್‌ಎ ಇಳಿದ ರೋಗಿಗಳಿದ್ದಾರೆ, ವೈದ್ಯಕೀಯದಲ್ಲಿ ಅದಕ್ಕೆ ಪ್ರತ್ಯೇಕ ಹೆಸರೇ ಇದೆ. ಮತ್ತೊಂದು ರೂಪಾಂತರಕ್ಕೆ, ಮುಂದಿನ ಹಂತದ ಮಾತ್ರೆಯ ಜೊತೆ ಕೊಡುವ ಸ್ಟಿರಾಯ್ಡೇ ಕೀಲಿಯಾಗಬಲ್ಲದು. 'ಎಲ್ಲ ಮಾತ್ರೆ ತಪ್ಪದೆ ನುಂಗು, ವಾಸಿಯಾಗುತ್ತದೆ' ಎಂಬ ನಮ್ಮ ಮನೆಮಾತಿನ ವೈದ್ಯ ತಿಳಿವಳಿಕೆಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಕಾಕಾ ತಪ್ಪಿಸಿದ್ದು ಏನೂ ಇಲ್ಲ.

ಇನ್ನು ಬೀಗವೇ ಇಲ್ಲದ ಬಾಗಿಲು. ಎಆರ್-ವಿ7 ಎಂಬ ತುಂಡು ರಿಸೆಪ್ಟರ್‌ನಲ್ಲಿ ಹಾರ್ಮೋನ್ ಅಂಟುವ ಭಾಗವೇ ಇರುವುದಿಲ್ಲ, ಅದು ಸದಾ ಆನ್. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು 62 ರೋಗಿಗಳನ್ನು ನೋಡಿದರು. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳಲ್ಲಿ ಎಆರ್-ವಿ7 ಇದ್ದವರು 18 ಮಂದಿ. ಹೊಸ ದುಬಾರಿ ಮಾತ್ರೆಗಳಿಗೆ ಆ 18ರಲ್ಲಿ ಒಬ್ಬರ ಪಿಎಸ್‌ಎಯೂ ಸ್ಪಂದಿಸಲಿಲ್ಲ. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಕೆಲಸ ಮಾಡದ ಮಾತ್ರೆಗಾಗಿ ಹೊಲ ಅಡವಿಡುವ ಮನೆಗೆ ಈ ಮಾಹಿತಿ ಎಷ್ಟು ಬೆಲೆಯದು ಯೋಚಿಸಿ.

ರಿಸೆಪ್ಟರ್ ಬಿಟ್ಟು ಬೇರೆ ದಾರಿಗಳೂ ಇವೆ. ಪಿಟೆನ್ ಎಂಬ ಬ್ರೇಕ್ ಕಳೆದುಹೋದ ಕೋಶಗಳಲ್ಲಿ ಪಿಐ3ಕೆ-ಎಕೆಟಿ ಎಂಬ ಬೆಳವಣಿಗೆಯ ಸರಣಿ ಸ್ವಂತವಾಗಿ ಓಡುತ್ತದೆ. ಈ ಎರಡು ದಾರಿಗಳು ಒಂದನ್ನೊಂದು ಅದುಮಿಕೊಂಡಿರುತ್ತವೆ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ ಎಂದು 2011ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಕೊನೆಗೆ ಕೆಲವು ಗಡ್ಡೆಗಳು ತಾವು ಪ್ರಾಸ್ಟೇಟ್ ಕೋಶಗಳು ಎಂಬುದನ್ನೇ ಮರೆತು ನರಕೋಶದ ಲಕ್ಷಣಗಳನ್ನು ಪಡೆಯುತ್ತವೆ. ಆ ಹಂತದಲ್ಲಿ ಪಿಎಸ್‌ಎ ಕಡಿಮೆಯೇ ಇರಬಹುದು, ರೋಗ ಮಾತ್ರ ಏರುತ್ತಿರುತ್ತದೆ. ನಂಬರ್ ಒಂದನ್ನೇ ನೋಡಿಕೊಂಡು ಕೂತವರಿಗೆ ಮೋಸ.

ಇಲ್ಲಿ ನಮ್ಮ ದೇಶದ ಒಂದು ಸಂಶೋಧನೆಯನ್ನು ಹೇಳಲೇಬೇಕು. ಐಐಟಿ ಕಾನ್ಪುರದ ಬುಶ್ರಾ ಅತೀಕ್ ಅವರ ತಂಡ 2020ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸ್ಪಿಂಕ್1 ಎಂಬ ಜೀನ್ ಜೋರಾಗಿರುತ್ತದೆ. ಆಂಡ್ರೋಜನ್ ರಿಸೆಪ್ಟರ್ ಇದನ್ನು ಅದುಮಿ ಇಟ್ಟಿರುತ್ತದೆ. ಹಾರ್ಮೋನ್ ನಿಲ್ಲಿಸುವ ಚಿಕಿತ್ಸೆ ಕೊಟ್ಟಾಗ ಆ ಹಿಡಿತ ಸಡಿಲವಾಗಿ ಸ್ಪಿಂಕ್1 ಮೇಲೇಳುತ್ತದೆ, ಕೋಶ ತನ್ನ ರೂಪ ಬದಲಿಸಿಕೊಳ್ಳಲು ಅದು ನೆರವಾಗುತ್ತದೆ. ಅದೇ ವರ್ಷ ಅತೀಕ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಚಿಕಿತ್ಸೆಯೇ ಒಂದು ಒತ್ತಡ, ಕ್ಯಾನ್ಸರ್ ಆ ಒತ್ತಡಕ್ಕೆ ಉತ್ತರ ಹುಡುಕುವ ಜೀವಸಮೂಹ. ಇಷ್ಟನ್ನು ಒಪ್ಪಿಕೊಂಡರೆ 'ಒಂದು ಸಲ ಆಪರೇಷನ್, ಒಂದು ಪ್ಯಾಕೇಜ್, ಫೈಲ್ ಕ್ಲೋಸ್' ಎಂಬ ಯೋಜನೆಗಳ ತರ್ಕ ಇಲ್ಲಿ ನಡೆಯುವುದಿಲ್ಲ.

ದಾರಿ ಬದಲಾಗಿಲ್ಲ ಎಂಬ 2004ರ ತಿಳಿವಿಗೆ ಹೊಂದುವ ಔಷಧಿಗಳೂ ಬಂದವು. ಗಡ್ಡೆಯ ಮನೆಯಡುಗೆಯನ್ನೇ ನಿಲ್ಲಿಸುವ ಅಬಿರಾಟೆರಾನ್, ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಹೆಚ್ಚಿದ ರಿಸೆಪ್ಟರನ್ನೂ ಗಟ್ಟಿಯಾಗಿ ಹಿಡಿಯಬಲ್ಲ ಎಂಜಲುಟಮೈಡ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಪ್ರಯೋಗಾಲಯದಲ್ಲಿ, ಅಮೆರಿಕದ ಸಾರ್ವಜನಿಕ ಹಣದ ನೆರವಿನಿಂದ ಹುಟ್ಟಿತು. ಆಮೇಲಿನ ಕತೆ ನಿಮಗೆ ಪರಿಚಿತ ಧಾಟಿಯದೇ. ವಿಶ್ವವಿದ್ಯಾಲಯ ಹಕ್ಕನ್ನು ಕಂಪನಿಗೆ ಕೊಟ್ಟಿತು, 2016ರಲ್ಲಿ ಔಷಧಿಯ ರಾಯಲ್ಟಿ 114 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದೇ ವರ್ಷ ಫೈಜರ್ ಆ ಕಂಪನಿಯನ್ನು ಸುಮಾರು 1,400 ಕೋಟಿ ಡಾಲರ್‌ಗೆ ಕೊಂಡಿತು.

ಭಾರತದಲ್ಲಿ ಮಾತ್ರ ಕತೆ ಬೇರೆ ತಿರುವು ತೆಗೆದುಕೊಂಡಿತು. 2016ರ ನವೆಂಬರಿನಲ್ಲಿ ನಮ್ಮ ಪೇಟೆಂಟ್ ಕಚೇರಿ ಎಂಜಲುಟಮೈಡ್‌ನ ಅರ್ಜಿಯನ್ನು ತಿರಸ್ಕರಿಸಿತು. ವಿಶ್ವವಿದ್ಯಾಲಯ ದೆಹಲಿ ಹೈಕೋರ್ಟ್‌ಗೆ ಹೋಯಿತು. ಆಗ ಅದರ ವಿದ್ಯಾರ್ಥಿಗಳೇ, ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಬಡ ದೇಶದ ರೋಗಿಗಳ ವಿರುದ್ಧ ಕೋರ್ಟಿಗೆ ಹೋಗುವುದೇನು ಎಂದು ತಕರಾರು ಎತ್ತಿದರು. ಇವತ್ತು ಭಾರತದ ಹಲವು ಕಂಪನಿಗಳು ಈ ಮಾತ್ರೆಯನ್ನು ತಮ್ಮದೇ ಹೆಸರಲ್ಲಿ ಮಾರುತ್ತಿವೆ. 2005ರಲ್ಲಿ ಪೇಟೆಂಟ್ ಕಾಯ್ದೆಗೆ ತಿದ್ದುಪಡಿ ತರುವಾಗ 3(ಡಿ) ಕಲಂಗಾಗಿ ಸಂಸತ್ತಿನಲ್ಲಿ, ಬೀದಿಯಲ್ಲಿ ನಡೆದ ಜಗಳ, 2013ರ ನೊವಾರ್ಟಿಸ್ ತೀರ್ಪು, ಇವೆಲ್ಲ ಕಮಲಾಪುರಕ್ಕೆ ಏನು ಸಂಬಂಧ ಎಂದು ಕೇಳುವವರಿಗೆ ಸೂಪರ್ ಮಾರ್ಕೆಟ್‌ನ ಔಷಧಿ ಅಂಗಡಿಯ ಕಪಾಟು ತೋರಿಸಬಹುದು. ಹಳೆಯ ಚಳವಳಿಗಳ ಫಲ ಕೆಲವೊಮ್ಮೆ ಹೀಗೆ, ಯಾರ ಹೆಸರೂ ಇಲ್ಲದೆ, ಸ್ಟ್ರಿಪ್ ರೂಪದಲ್ಲಿ ಸಿಗುತ್ತದೆ.

ಜೆನೆರಿಕ್ ಬಂದ ಕೂಡಲೇ ಬೆಲೆ ಇಳಿದು ರೋಗಿಗೆ ತಲುಪಿತು ಎಂದೇನಲ್ಲ. ಕ್ಯಾನ್ಸರ್ ಜೆನೆರಿಕ್‌ಗಳಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಗೂ ಅಂಗಡಿಗೆ ಬೀಳುವ ದರಕ್ಕೂ ನಡುವೆ ದೊಡ್ಡ ಕಂದಕ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭಕ್ಕೆ 30 ಪರ್ಸೆಂಟ್ ಮಿತಿ ಹಾಕಿದಾಗ ಕೆಲವು ಬ್ರ್ಯಾಂಡ್‌ಗಳ ದರ 80 ಪರ್ಸೆಂಟ್‌ಗೂ ಹೆಚ್ಚು ಬಿತ್ತು. ಅಷ್ಟು ಬೀಳೋಕೆ ಜಾಗ ಇತ್ತು ಅನ್ನೋದೇ ಕತೆ ಹೇಳುತ್ತದೆ. ಚೌಕಾಸಿ ಬಲ್ಲವನಿಗೊಂದು ದರ, ಕೈಮುಗಿದು ನಿಂತವನಿಗೊಂದು ದರ. ತರಕಾರಿಗೆ ಚೌಕಾಸಿ ಮಾಡುವ ನಮ್ಮ ಜನ ಔಷಧಿ ಅಂಗಡಿಯಲ್ಲಿ ಬಾಯಿ ಬಿಡುವುದಿಲ್ಲ. 2024ರ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಿಗಳಿಗೆ ಕಸ್ಟಮ್ಸ್ ಸುಂಕ ತೆಗೆದಾಗ ದೊಡ್ಡ ಸುದ್ದಿಯಾಯಿತು. ಆ ಮೂರರಲ್ಲಿ ಒಂದೂ ಪ್ರಾಸ್ಟೇಟ್ ಕ್ಯಾನ್ಸರ್‌ನದ್ದಲ್ಲ.

ಈಗ ನನಗೆ ಅತಿ ಮುಖ್ಯ ಅನ್ನಿಸಿದ, ಆದರೆ ಯಾರೂ ಪ್ರೆಸ್‌ಮೀಟ್ ಮಾಡದ ಒಂದು ವಿಷಯ. ಅಬಿರಾಟೆರಾನ್‌ನ ಅಧಿಕೃತ ಡೋಸ್ ದಿನಕ್ಕೆ 1,000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. 250ರ ಮಾತ್ರೆಯಾದರೆ ದಿನಕ್ಕೆ ನಾಲ್ಕು, ತಿಂಗಳಿಗೆ 120. ಖಾಲಿ ಹೊಟ್ಟೆ ಯಾಕೆಂದರೆ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರುತ್ತದೆ. ಸಾಮಾನ್ಯ ಬುದ್ಧಿಯವನಿಗೆ ಬರುವ ಪ್ರಶ್ನೆ: ಹಾಗಿದ್ದರೆ ಊಟದ ಜೊತೆ ಕಾಲುಭಾಗ ಕೊಟ್ಟರೆ ಸಾಕಲ್ಲವೇ? ಷಿಕಾಗೋದ ವೈದ್ಯರು ಅದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. 72 ರೋಗಿಗಳು, ಅರ್ಧ ಜನಕ್ಕೆ ಖಾಲಿ ಹೊಟ್ಟೆಯಲ್ಲಿ 1,000, ಉಳಿದವರಿಗೆ ಕಡಿಮೆ ಕೊಬ್ಬಿನ ತಿಂಡಿಯ ಜೊತೆ 250. ಹನ್ನೆರಡು ವಾರದ ಹೊತ್ತಿಗೆ ಪಿಎಸ್‌ಎ ಇಳಿಕೆಯಲ್ಲಿ ಕಾಲುಭಾಗದ ಡೋಸ್ ಪೂರ್ಣ ಡೋಸ್‌ಗಿಂತ ಕಳಪೆಯಾಗಿರಲಿಲ್ಲ.

120 ಮಾತ್ರೆಯ ಜಾಗದಲ್ಲಿ 30. ಅಧ್ಯಯನ ಸಣ್ಣದು, ಎಷ್ಟು ವರ್ಷ ಬದುಕಿದರು ಎಂಬುದನ್ನು ಅದು ಅಳೆದಿಲ್ಲ. ಆದರೂ ಅಮೆರಿಕದ ಪ್ರಮುಖ ಚಿಕಿತ್ಸಾ ಮಾರ್ಗಸೂಚಿ ಇದನ್ನು ಪರ್ಯಾಯವಾಗಿ ಒಪ್ಪಿದೆ. ದೊಡ್ಡ ಪ್ರಯೋಗ ಯಾವ ಕಂಪನಿ ಮಾಡೀತು? ತನ್ನದೇ ಮಾತ್ರೆ ಮುಕ್ಕಾಲು ಭಾಗ ಕಡಿಮೆ ಮಾರಾಟವಾಗಲಿ ಎಂದು ಯಾರೂ ಹಣ ಹಾಕುವುದಿಲ್ಲ. ಇಂಥ ಜಾಗದಲ್ಲೇ ಸರ್ಕಾರ ಇರಬೇಕಾದ್ದು. ಕಿದ್ವಾಯಿಯಂಥ ಸಂಸ್ಥೆ, ರಾಜ್ಯದ ಯೋಜನೆಯಡಿ ಬರುವ ಸಾವಿರಾರು ರೋಗಿಗಳು, ಒಂದು ಸರಳ ಪ್ರಶ್ನೆ. (ಓದುವವರಲ್ಲಿ ಯಾರ ಮನೆಯಲ್ಲಾದರೂ ಈ ಮಾತ್ರೆ ನಡೆಯುತ್ತಿದ್ದರೆ, ದಯವಿಟ್ಟು ನೀವೇ ಡೋಸ್ ಬದಲಿಸಬೇಡಿ. 1,000 ಮಿಲಿಗ್ರಾಂ ತುಂಬಿದ ಊಟದ ಜೊತೆ ನುಂಗಿದರೆ ಅಪಾಯ. ಬಿಪಿ, ಪೊಟಾಸಿಯಂ, ಲಿವರ್ ಪರೀಕ್ಷೆ ಬೇಕು. ವೈದ್ಯರ ಮುಂದೆ ಪ್ರಶ್ನೆ ಇಡಿ, ಅದು ನಿಮ್ಮ ಹಕ್ಕು.)

ಯಾವಾಗ ಕೊಡಬೇಕು ಎಂಬುದೂ ಬದಲಾಗಿದೆ. ಮೊದಲು ಇಂಜೆಕ್ಷನ್ ಸೋಲುವ ತನಕ ಕಾದು ಆಮೇಲೆ ಮಾತ್ರೆ ಕೊಡುತ್ತಿದ್ದರು. ಕಿಮೋಥೆರಪಿಯೂ ಮುಗಿದ ನಂತರ ಕೊಟ್ಟ ಎಂಜಲುಟಮೈಡ್ ಸರಾಸರಿ ಬದುಕನ್ನು 13.6 ತಿಂಗಳಿಂದ 18.4ಕ್ಕೆ ಏರಿಸಿತ್ತು, ಅಂದರೆ ಸುಮಾರು ಐದು ತಿಂಗಳು. 2017ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳು ಅಬಿರಾಟೆರಾನನ್ನು ಮೊದಲ ದಿನದಿಂದಲೇ ಇಂಜೆಕ್ಷನ್ ಜೊತೆ ಕೊಟ್ಟು ನೋಡಿದವು. ಲ್ಯಾಟಿಟ್ಯೂಡ್ ಎಂಬ ಪ್ರಯೋಗದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 66 ಪರ್ಸೆಂಟ್, ಬರೀ ಹಾರ್ಮೋನ್ ನಿಲ್ಲಿಸಿದವರಲ್ಲಿ 49. ಕೋಶ ದಾರಿ ಹುಡುಕಿಕೊಳ್ಳುವ ಮೊದಲೇ ಎರಡು ದಾರಿ ಮುಚ್ಚುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಬಿರಾಟೆರಾನನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕಾಕಾಗೆ ಎರಡು ವರ್ಷದ ಹಿಂದೆ ಇದನ್ನು ಯಾರೂ ಹೇಳಲಿಲ್ಲವೋ, ಹೇಳಿ ಖರ್ಚು ನೋಡಿ ಬಿಟ್ಟರೋ ಕಾಗದದಲ್ಲಿ ಇರಲಿಲ್ಲ. ಅವರನ್ನು ಕೇಳಿದೆ. "ಯಾವುದೋ ಗುಳಿಗಿ ಅಂದಿದ್ರು. ತಿಂಗಳಾ ತಿಂಗಳಾ ಅಷ್ಟ್ ರೊಕ್ಕ ಎಲ್ಲಿಂದ ತರ್ಲಿ ಅಂತ ನಾನೇ ಸುಮ್ನಾದೆ."

ಇನ್ನೊಂದು ಮಾತು ಆ ದಿನ ಬಂತು. ಮಗ ಚಹಾ ತರಲು ಹೋದಾಗ ಕಾಕಾ ದನಿ ತಗ್ಗಿಸಿದರು. ಶುರುವಿನಲ್ಲೇ ವೈದ್ಯರು ಎರಡು ಆಯ್ಕೆ ಕೊಟ್ಟಿದ್ದರಂತೆ. ಒಂದು, ವೃಷಣ ತೆಗೆಯುವ ಸಣ್ಣ ಆಪರೇಷನ್. ಇನ್ನೊಂದು, ಜೀವನಪೂರ್ತಿ ಮೂರು ತಿಂಗಳಿಗೊಂದು ಇಂಜೆಕ್ಷನ್. ಹಾರ್ಮೋನ್ ಇಳಿಸುವುದರಲ್ಲಿ ಎರಡೂ ಸಮ. ಆಪರೇಷನ್ ಒಂದೇ ಸಲದ ಖರ್ಚು.

"ಮಂದಿ ಏನಂದಾರು ತಮ್ಮಾ? ಎತ್ತಿನ ಬೀಜ ಒಡದಂಗ ಅಂತಾರ."

ಅವರಿಗೆ 68 ವರ್ಷ, ಮೊಮ್ಮಕ್ಕಳಿದ್ದಾರೆ. ಸಮಸ್ಯೆ ಮಕ್ಕಳಾಗುವುದಲ್ಲ, ಕಟ್ಟೆಯ ಮೇಲೆ ಕೂತಾಗ ಬರುವ ನಗು. ಈ ನಗುವಿಗೆ ಹೆದರಿ ಎಷ್ಟು ಮನೆಗಳು ವರ್ಷಾನುಗಟ್ಟಲೆ ಇಂಜೆಕ್ಷನ್‌ಗೆ ದುಡ್ಡು ಸುರಿದಿವೆಯೋ. ನಾನು ಆಪರೇಷನ್ ಮಾಡಿಸಿಕೊಳ್ಳಿ ಎಂದು ಉಪದೇಶ ಮಾಡುವ ಜಾಗದಲ್ಲಿ ಇಲ್ಲ. ಇಂಜೆಕ್ಷನ್ ಆಯ್ಕೆ ಮಾಡಿಕೊಳ್ಳುವ ಹಕ್ಕು ಅವರದ್ದು. ನನ್ನ ತಕರಾರು ಬೇರೆ. ಈ ಆಯ್ಕೆಯ ಬಗ್ಗೆ ಅವರು ಮನೆಯಲ್ಲಿ ಯಾರ ಹತ್ತಿರವೂ ಮಾತಾಡಿರಲಿಲ್ಲ, ಚಿಗವ್ವನಿಗೂ ಹೇಳಿರಲಿಲ್ಲ. ಇಂಜೆಕ್ಷನ್ ಆದಮೇಲೆ ಮೈ ಬಿಸಿಯಾಗಿ ಬೆವರುವುದು, ಮೂಳೆ ಸಡಿಲವಾಗುವುದು, ಸುಮ್ಮಸುಮ್ಮನೆ ಅಳು ಬರುವುದು, ಇವೆಲ್ಲ ಹಾರ್ಮೋನ್ ನಿಂತಿದ್ದರ ಪರಿಣಾಮ ಎಂಬುದೂ ಗೊತ್ತಿರಲಿಲ್ಲ. "ವಯಸ್ಸಾತು ಅದಕ್ಕ ಅಂದ್ಕೊಂಡಿದ್ದೆ" ಅಂದರು. ಮುಟ್ಟು ನಿಂತ ಮೇಲೆ ಹೆಂಗಸರು ವರ್ಷಾನುಗಟ್ಟಲೆ ಅನುಭವಿಸುವುದೂ ಹೆಚ್ಚುಕಡಿಮೆ ಇದನ್ನೇ. ಅವರಿಗೂ ಯಾರೂ ಹೇಳಿರುವುದಿಲ್ಲ ಬಿಡಿ. ಗಂಡಸುತನದ ಬಗ್ಗೆ ಇಷ್ಟು ಬರೆಯುವ, ಮಾತಾಡುವ ನಮ್ಮ ಪೀಳಿಗೆ ಮನೆಯ ಹಿರಿಯ ಗಂಡಸರ ಮೂತ್ರದ ತೊಂದರೆಯ ಬಗ್ಗೆ ಒಂದು ಸಲವಾದರೂ ಕೇಳಿದ್ದೇವಾ? ನಾನು ನನ್ನ ಅಪ್ಪನನ್ನು ಕೇಳಿದ್ದು ಈ ಘಟನೆ ಆದಮೇಲೆ.

ಈಗ ರಾಜಕಾರಣಕ್ಕೆ ಬರೋಣ. ಆರೋಗ್ಯ ವಿಮೆಯಲ್ಲಿ ಕಲಬುರಗಿಗೆ ಒಂದು ಇತಿಹಾಸವೇ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ ನಗದಿಲ್ಲದ ಚಿಕಿತ್ಸೆ. ಯೋಜನೆ ಬಂದ ಹಳ್ಳಿಗಳನ್ನೂ ಇನ್ನೂ ಬಾರದ ಪಕ್ಕದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ 64 ಪರ್ಸೆಂಟ್ ಕಡಿಮೆ ಇತ್ತು. ಆ ಅಂಕಿ ಬಹಳ ದೊಡ್ಡದು ಎನಿಸಿದರೂ ದಿಕ್ಕು ಸರಿಯಿದೆ. ಸರ್ಕಾರದ ಯೋಜನೆ ಕೆಲಸಕ್ಕೆ ಬರಲ್ಲ ಎಂದು ಸುಮ್ಮನೆ ತಲೆ ಕೊಡವುವವರು ಇದನ್ನು ಓದಬೇಕು.

ಅದರ ಇಂದಿನ ರೂಪ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಯೋಜನೆಯ ಎಲುಬು ಪ್ಯಾಕೇಜ್. ಇಂಥ ಆಪರೇಷನ್‌ಗೆ ಇಷ್ಟು, ಇಂಥ ಚಿಕಿತ್ಸೆಗೆ ಇಷ್ಟು. ಹೃದಯಕ್ಕೆ ಸ್ಟೆಂಟ್ ಹಾಕುವುದಕ್ಕೆ ಈ ಲೆಕ್ಕ ಒಪ್ಪುತ್ತದೆ. ಇಂಜೆಕ್ಷನ್‌ಗೆ ಎರಡು ವರ್ಷ ಬಗ್ಗಿ, ಮೂರನೇ ವರ್ಷ ದಾರಿ ಬದಲಿಸಿ, ಮಾತ್ರೆಗೆ ಒಂದೂವರೆ ವರ್ಷ ಬಗ್ಗಿ, ಮತ್ತೆ ದಾರಿ ಹುಡುಕುವ ರೋಗಕ್ಕೆ ಇದು ಒಪ್ಪುವುದಿಲ್ಲ. ಇಲ್ಲಿನ ಖರ್ಚು ಹಾಸಿಗೆಯ ಮೇಲೆ ಆಗುವುದಿಲ್ಲ. ಪ್ರತಿ ತಿಂಗಳ ಸ್ಟ್ರಿಪ್, ಪ್ರತಿ ಮೂರು ತಿಂಗಳ ರಕ್ತಪರೀಕ್ಷೆ, ಪ್ರತಿ ಸಲ ಇಬ್ಬರ ಬಸ್ ಚಾರ್ಜು, ಮಗನ ಒಂದು ದಿನದ ಕೂಲಿ. ಒಂದೊಂದೂ ಸಣ್ಣದು, ಹಾಗಾಗಿ ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ.

ಈ ಭಾಗಕ್ಕೆ ಹಣ ಬರುತ್ತಿಲ್ಲ ಎಂದು ಈಗ ಹೇಳಲಾಗದು. 371(ಜೆ) ಬಂದು ದಶಕ ದಾಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ ಹೇಳಿದ್ದು 5,000 ಕೋಟಿ. 371ರ ನೆನಪಿಗೆ ಸರಿಯಾಗಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಕೊನೆಯಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾಯಿತು. ಒಳ್ಳೆಯದೇ, ಎದೆನೋವಿಗೆ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಅಂತ ಓಡುತ್ತಿದ್ದ ಜನಕ್ಕೆ ಅದು ದೊಡ್ಡ ಆಸರೆ. ಕಿದ್ವಾಯಿಯ ಕೇಂದ್ರವೂ ಕಲಬುರಗಿಯಲ್ಲಿ ಬಹಳ ವರ್ಷದಿಂದ ಇದೆ. ನಾನು ಕೇಳುತ್ತಿರುವುದು ಇನ್ನೊಂದು ಕಟ್ಟಡವಲ್ಲ. ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಫೋಟೋ ಇದೆ, ಗುತ್ತಿಗೆ ಇದೆ. 30 ಮಾತ್ರೆಯ ಡಬ್ಬಿಗೆ ರಿಬ್ಬನ್ ಕತ್ತರಿಸಲು ಯಾವ ಶಾಸಕರು ಬಂದಾರು?

ನಮ್ಮ ಭಾಗದ ಯುವ ಸಂಘಟನೆಗಳ ವಾಟ್ಸಾಪ್ ಗುಂಪುಗಳಲ್ಲಿ 'ಕಲಬುರಗಿಗೆ ಏಮ್ಸ್ ಬೇಕು', 'ರಾಯಚೂರಿಗೆ ಏಮ್ಸ್ ಬೇಕು' ಎಂಬ ಜಗಳ ವರ್ಷಗಟ್ಟಲೆ ನಡೆದಿದೆ. ನಾನೂ ಆ ಪೋಸ್ಟರ್ ಶೇರ್ ಮಾಡಿದವನೇ. ಆದರೆ ಅದೇ ಸಿಟ್ಟಿನ ಹತ್ತರಲ್ಲಿ ಒಂದು ಭಾಗವನ್ನು, ಕಮಲಾಪುರ ತಾಲ್ಲೂಕು ಆಸ್ಪತ್ರೆಯಲ್ಲೇ ಪಿಎಸ್‌ಎ ಮತ್ತು ಟೆಸ್ಟೋಸ್ಟಿರಾನ್‌ಗೆ ರಕ್ತ ತೆಗೆದು ಕಲಬುರಗಿಗೆ ಕಳಿಸಲಿ, ರಿಪೋರ್ಟ್ ಫೋನಿಗೆ ಬರಲಿ, ಅಬಿರಾಟೆರಾನ್‌ನಂಥ ಮಾತ್ರೆಯನ್ನು ರಾಜ್ಯವೇ ಸಗಟಾಗಿ ಟೆಂಡರ್ ಕರೆದು ಕೊಂಡು ತಾಲ್ಲೂಕಿನ ಮಟ್ಟದಲ್ಲಿ ಕೊಡಲಿ ಎಂದು ಕೇಳಲು ಬಳಸಬಹುದಿತ್ತು. ಸಗಟು ಖರೀದಿಯಲ್ಲಿ ಆ ಎಂಆರ್‌ಪಿ ಕಂದಕ ಸರ್ಕಾರದ ಪರವಾಗಿ ಕೆಲಸ ಮಾಡುತ್ತದೆ. ಕಾಲುಭಾಗದ ಡೋಸ್ ಇಲ್ಲಿನ ರೋಗಿಗಳಿಗೂ ಸಾಕು ಎಂದು ಸಾಬೀತಾದರೆ ಅದೇ ಹಣದಲ್ಲಿ ನಾಲ್ಕು ಪಟ್ಟು ಜನಕ್ಕೆ ಔಷಧಿ. ಮಂಡಳಿಯ 5,000 ಕೋಟಿಯಲ್ಲಿ ಇದು ಎಷ್ಟನೇ ಭಾಗ ಎಂದು ಲೆಕ್ಕ ಹಾಕಲು ಇಂಜಿನಿಯರಿಂಗ್ ಬೇಕಾಗಿಲ್ಲ.

ಇದು ಇಲ್ಲಿಗೆ ನಿಲ್ಲುವ ವಿಷಯವೂ ಅಲ್ಲ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣಗಳು 2020ರ 14 ಲಕ್ಷದಿಂದ 2040ಕ್ಕೆ 29 ಲಕ್ಷವಾಗಲಿವೆ, ಹೆಚ್ಚಳದ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಕಾರಣ ಸರಳ, ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. ಬೆಂಗಳೂರಿನ ಗಂಡಸರಲ್ಲಿ ಇದು ಈಗಾಗಲೇ ಮುಂಚೂಣಿಯ ಕ್ಯಾನ್ಸರ್‌ಗಳಲ್ಲೊಂದು. ಅದು ನಮಗೆ ಗೊತ್ತಿರುವುದು ಅಲ್ಲಿ ಕಿದ್ವಾಯಿ ನಡೆಸುವ ಜನಸಂಖ್ಯಾಧಾರಿತ ನೋಂದಣಿ ದಶಕಗಳಿಂದ ಇರುವ ಕಾರಣಕ್ಕೆ. ಎಣಿಸಿದಲ್ಲಿ ರೋಗ ಕಾಣುತ್ತದೆ, ರೋಗ ಕಂಡಲ್ಲಿ ಬಜೆಟ್ ಹೋಗುತ್ತದೆ. ಚಿಂಚೋಳಿಯಲ್ಲಿ ಬೆನ್ನುನೋವು ಎಂದು ವರ್ಷ ಕಳೆದು, ಮೂಳೆಗೆ ಹರಡಿದ ಮೇಲೆ ಗೊತ್ತಾಗಿ ತೀರಿಕೊಂಡ ಅಜ್ಜ 'ವಯಸ್ಸಾಗಿತ್ತು' ಎಂಬ ಮಾತಿನಲ್ಲಿ ಮುಗಿದುಹೋಗುತ್ತಾನೆ.

ಆ ದಿನ ಚಹಾ ಬಂತು. ಮಗನಿಗೆ ನಾನು ಹೇಳಿದ್ದು ಇಷ್ಟೇ: ಸೂಜಿ ಡುಪ್ಲಿಕೇಟ್ ಅಲ್ಲ, ಟೆಸ್ಟೋಸ್ಟಿರಾನ್ 18 ಇದೆ ನೋಡು, ಸೂಜಿ ನಿಲ್ಲಿಸಬೇಡಿ, ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ಮುಂದಿನ ಮಾತ್ರೆ ಕೇಳಿ, ಊಟದ ಜೊತೆ ಕಡಿಮೆ ಡೋಸ್ ಆಗುತ್ತದಾ ಅಂತಲೂ ಕೇಳಿ. ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದುಕೊಟ್ಟೆ. ಅವರ ವೈದ್ಯರು ಒಪ್ಪಿ, ರಕ್ತಪರೀಕ್ಷೆ ಮಾಡಿಸಿ, 250 ಮಿಲಿಗ್ರಾಂನಿಂದ ಶುರು ಮಾಡಿದ್ದಾರೆ. ಮುಂಜಾನೆ ಒಂದು ರೊಟ್ಟಿ, ಎಣ್ಣೆ ಕಡಿಮೆ ಹಾಕಿದ ಪಲ್ಯ, ಮಾತ್ರೆ. ಎಂಟು ವಾರಕ್ಕೆ ಪಿಎಸ್‌ಎ 6.1ರಿಂದ 2.3ಕ್ಕೆ ಇಳಿದಿದೆ ಎಂದು ಮಗ ಕಳೆದ ವಾರ ಫೋಟೋ ಕಳಿಸಿದ್ದ. ಅದರ ಹಿಂದೆಯೇ ಕಾಕಾನ ಫೋನ್.

"ಇದು ಎಷ್ಟ್ ದಿನ ನಡೀತದ ತಮ್ಮಾ?"

"ಒಬ್ಬೊಬ್ಬರಿಗೆ ಒಂದೊಂದು ಥರ ಕಾಕಾ. ಹೇಳ್ಲಾಕ ಬರಲ್ರಿ."

"ಆತು ಬಿಡು. ಮೂರ್ ತಿಂಗಳಿಗೆ ಮತ್ ರಕ್ತ ಕೊಡ್ಲಾಕ ಬರ್ತೀನಿ. ಆಗ ನೀ ಸೂಪರ್ ಮಾರ್ಕೆಟಿಗಿ ಬಾ, ಹೊಸ ಕಾಗದ ಓದಿ ಹೇಳುವಿ."